ಕೆಂಪು ಟೋಕನ್ನಿನ ಬೀಗರೂಟ

ನಲವತ್ತಕ್ಕೆ ಹತ್ತಿರವಾದ ಹೆಂಗಸು ಬಿ.ಬಿ.ಎ.ಗೆ ಸೇರಿದರೆ ಊರು ಸುಮ್ಮನಿರುತ್ತದೆಯೇ? ನಮ್ಮ ಗುಡೇಮಾರನಹಳ್ಳಿಯಂತೂ ಸುಮ್ಮನಿರಲಿಲ್ಲ. ಡೈರಿಗೆ ಹಾಲು ಹಾಕಲು ಹೋದಾಗಲೆಲ್ಲ, "ಏನವ್ವಾ ಸವಿತಾ, ಕಂಪ್ನಿ ಗಿಂಪ್ನಿ ಶುರು ಮಾಡೀಯಾ?" ಎಂದು ಕೇಳುತ್ತಿದ್ದರು. ನನಗೆ ಕಂಪನಿಯೂ ಬೇಡ, ಗಿಂಪನಿಯೂ ಬೇಡ. ನನಗಿದ್ದದ್ದು ಬರೀ ಕುತೂಹಲ.

ಚಿಕ್ಕಂದಿನಿಂದಲೂ ನನ್ನ ಸ್ವಭಾವವೇ ಹಾಗೆ. ಒಂದು ಕೆಲಸ ಹೇಗೆ ನಡೆಯುತ್ತದೆ, ಯಾಕೆ ಹಾಗೇ ನಡೆಯುತ್ತದೆ ಎಂದು ತಿಳಿಯದಿದ್ದರೆ ತಲೆ ಕಡಿಯುತ್ತದೆ. ಮಾಗಡಿ ಬಸ್ಸಿನ ಹಿಂದಿನ ಸೀಟುಗಳೆಲ್ಲ ಖಾಲಿ ಇದ್ದರೂ ಜನ ಬಾಗಿಲಲ್ಲೇ ಯಾಕೆ ಜೋತಾಡುತ್ತಾರೆ? ಆಫೀಸಿನಲ್ಲಿ ಸಾಲಾಗಿ ಕಿಟಕಿಗಳಿದ್ದರೂ ಒಂದರ ಹಿಂದೆ ಮಾತ್ರ ಮನುಷ್ಯ ಯಾಕೆ ಕೂತಿರುತ್ತಾನೆ? ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವ ಶಾಸ್ತ್ರವೊಂದಿದೆ, ಅದರ ಹೆಸರು ವ್ಯವಹಾರ ಆಡಳಿತ ಎಂದು ತಿಳಿದದ್ದೇ ತಡ, ದೂರಶಿಕ್ಷಣಕ್ಕೆ ಸೇರಿಬಿಟ್ಟೆ. ಭಾನುವಾರ ರಾಮನಗರದಲ್ಲಿ ಕ್ಲಾಸು. ಉಳಿದ ದಿನ ಹಸು, ಹೊಲ, ಅತ್ತೆ.

ನಮ್ಮವರು ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವವರು. ಅವರು ಬೇಡ ಅನ್ನಲಿಲ್ಲ. "ಓದು ಓದು. ಇದ್ನ ಓದಿ ನಮ್ ಮ್ಯಾನೇಜ್ರು ಎಂಗೆ ಕೆಟ್ಟವ್ನೆ ಅಂತ ನೋಡಿವ್ನಿ. ನೀನೆಂಗೆ ಕೆಡ್ತೀಯೋ ನೋಡನ," ಎಂದು ಪ್ರೋತ್ಸಾಹಿಸಿದರು.

ಎರಡನೇ ವರ್ಷದಲ್ಲಿ ಮೇಡಮ್ಮು ಒಂದು ಪ್ರಾಜೆಕ್ಟ್ ಕೊಟ್ಟರು. "ನಿಮ್ಮ ಸುತ್ತಮುತ್ತ ನಡೆಯುವ ಯಾವುದಾದರೂ ಒಂದು ಕಾರ್ಯವನ್ನು ಕುತೂಹಲದಿಂದ ಗಮನಿಸಿ. ಅದರಲ್ಲಿ ಸಮಯ ಎಲ್ಲಿ ವ್ಯರ್ಥವಾಗುತ್ತಿದೆ ಎಂದು ಪತ್ತೆಹಚ್ಚಿ. ಆ ವ್ಯರ್ಥವನ್ನು ತೆಗೆದುಹಾಕಿ." ಕುತೂಹಲ ಎಂಬ ಪದ ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಆಗ ನಮ್ಮ ಮನೆಯಲ್ಲಿ ಮೈದುನ ಕಿರಣನ ಮದುವೆ ನಡೆಯುವುದಿತ್ತು. ಹುಡುಗಿ ಚೈತ್ರ, ಕನಕಪುರದ ಆಚೆ ಉಯ್ಯಂಬಳ್ಳಿಯವಳು. ಮದುವೆ ಅವರ ಕಡೆ, ಬೀಗರೂಟ ನಮ್ಮ ಕಡೆ. ಇನ್ನೇನು ಬೇಕು? ಪ್ರಾಜೆಕ್ಟ್ ತಾನಾಗಿಯೇ ಮನೆಗೆ ಬಂದಿತ್ತು!

ನಮ್ಮ ಕಡೆಯ ಬೀಗರೂಟವನ್ನು ಯಾರಾದರೂ ಶಾಸ್ತ್ರೀಯವಾಗಿ ಗಮನಿಸಿದ್ದೀರಾ? ನಾನು ಗಮನಿಸಿದೆ. ನೆಂಟರ ಮನೆಯ ಒಂದು ಬೀಗರೂಟಕ್ಕೆ ಪೆನ್ನು ಹಿಡಿದುಕೊಂಡೇ ಹೋದೆ. ಉಣ್ಣುವವರ ಕುರ್ಚಿಯ ಹಿಂದೆ ಇನ್ನೊಬ್ಬರು ಕುರ್ಚಿ ಹಿಡಿದು ನಿಂತಿರುತ್ತಾರೆ. ಪಾಪ, ಕೂತವರು ಮೂಳೆ ಚೀಪುವಾಗ ಹಿಂದಿನಿಂದ ನಿಟ್ಟುಸಿರು ಕೇಳಿಸುತ್ತದೆ. ಇದು ಒಂದು ವ್ಯರ್ಥ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮನೆಯವರು ಪೆಂಡಾಲಿನ ತುಂಬ ಓಡಾಡಿಕೊಂಡು, "ಏಳಿ, ಊಟಕ್ಕೇಳಿ" ಎಂದು ಒಬ್ಬೊಬ್ಬರ ಕೈ ಹಿಡಿದು ಎಳೆಯುತ್ತಾರೆ. ಬೀಗರು, "ಆಗ್ಲಿ ಆಗ್ಲಿ, ಮೊದ್ಲು ನೀವು ಉಣ್ಣಿ" ಎನ್ನುತ್ತಾರೆ. ಇವರು ಮತ್ತೆ ಎಳೆಯುತ್ತಾರೆ. ಅವರು ಮತ್ತೆ ಕೂರುತ್ತಾರೆ. ಹೊಟ್ಟೆ ಹಸಿದ ಮನುಷ್ಯನನ್ನು ಊಟದ ಕಡೆಗೆ ಎಳೆಯಬೇಕೇ? ಎಂಥ ಅನವಶ್ಯಕ ಚಲನೆ! ನಾನೂ ಹತ್ತಾರು ವರ್ಷ ಹಾಗೆ ಎಳೆದವಳೇ, ಎಳೆಸಿಕೊಂಡವಳೇ. ಆದರೆ ಓದಿದ ಮೇಲೆ ಕಣ್ಣು ತೆರೆಯಿತು. ಕಣ್ಣು ತೆರೆದವರನ್ನು ಹಿಡಿಯುವವರು ಯಾರು?

ಟೋಕನ್ ಮಾಡಿಸಿದೆ. ಬೀಗರಿಗೆ ಕೆಂಪು, ನೆಂಟರಿಗೆ ಹಸಿರು, ಊರಿನವರಿಗೆ ಹಳದಿ. ಕೆಂಪಿನವರಿಗೆ ಮೊದಲ ಪಂಕ್ತಿ. ಗೌರವಕ್ಕೆ ಕೊರತೆಯಾಗಬಾರದು ಎಂದು ಪ್ರತಿ ಟೋಕನ್ನಿನ ಮೇಲೂ "ಊಟಕ್ಕೆ ದಯಮಾಡಿಸಬೇಕು" ಎಂದು ಅಚ್ಚು ಹಾಕಿಸಿದೆ. ಕೂಗಾಟ ತಪ್ಪಿಸಲು ನನ್ನದೇ ಧ್ವನಿಯಲ್ಲಿ ಪ್ರಕಟಣೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದರ ಹಿಂದೆ ಒಂದು ತಾನಾಗಿಯೇ ಮೈಕಿನಲ್ಲಿ ಬರುವಂತೆ ಜೋಡಿಸಿದೆ. ಕೊನೆಗೆ ಶ್ರಮ ವಿಭಜನೆ! ನಮ್ಮವರಿಗೆ ಪಾರ್ಕಿಂಗ್, ಮಾವನವರಿಗೆ ಕೈತೊಳೆಯುವ ನಲ್ಲಿಯ ಉಸ್ತುವಾರಿ, ಅತ್ತೆಗೆ ಎಲೆ ಅಡಿಕೆ ವಿಭಾಗ. ಯಾರೂ ತಮ್ಮ ಜಾಗ ಬಿಟ್ಟು ಕದಲಬಾರದು ಎಂದು ಎಲ್ಲರಿಗೂ ಲಿಖಿತ ಆದೇಶ ಕೊಟ್ಟೆ.

ಅತ್ತೆ ಆದೇಶವನ್ನು ಎಲೆ ಅಡಿಕೆ ತಟ್ಟೆಯ ಕೆಳಗೆ ಹಾಸಿಕೊಂಡರು. "ಲೇ ಸವಿ, ನೀನು ಬಣ್ಣನಾದ್ರೂ ಕೊಡು, ಬಾವುಟನಾದ್ರೂ ಕೊಡು. ಬೀಗ್ರು ನಗ್ತಾ ಉಂಡ್ಕೊಂಡು ಹೋಗ್ಬೇಕು. ಅವ್ರು ಮೊಕ ಊದಿಸ್ಕೊಂಡು ಹೋದ್ರೆ ಆ ಎಣ್ಮಗ ನಾಳೆಯಿಂದ ಈ ಮನೇಲಿ ಎಂಗೆ ತಲೆ ಎತ್ತೀತು?"

"ಅತ್ತೆ, ಯೋಜನೆ, ಸಂಘಟನೆ, ನಿರ್ದೇಶನ, ನಿಯಂತ್ರಣ. ನಾಲ್ಕೂ ಆಗೈತೆ. ನೀವು ಸುಮ್ನೆ ಕೂತ್ಕೊಳಿ," ಎಂದೆ. ಅವರು ಸುಮ್ಮನೆ ಕೂತರು. ನಾನು ಈ ಮನೆಗೆ ಬಂದ ಮೇಲೆ ಅವರು ಸುಮ್ಮನೆ ಕೂತದ್ದು ಅದೇ ಮೊದಲು, ಅದೇ ಕೊನೆ.

ಬೀಗರ ವ್ಯಾನು ಬಂತು. ಮುಂದೆ ಚೈತ್ರಳ ದೊಡ್ಡಪ್ಪ ಬೋರೇಗೌಡರು. ಬಿಳಿ ಪಂಚೆ, ಬಿಳಿ ಮೀಸೆ, ಹೆಗಲ ಮೇಲೆ ಟವೆಲು. ಉಯ್ಯಂಬಳ್ಳಿಯ ಕಡೆ ಅವರು ಕೂತರೆ ಹತ್ತು ಜನ ಕೂರುತ್ತಾರೆ, ಎದ್ದರೆ ಹತ್ತು ಜನ ಏಳುತ್ತಾರೆ. ನಾನು ನಗುನಗುತ್ತಾ ಅವರ ಕೈಗೆ ಕೆಂಪು ಟೋಕನ್ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನವ್ವಾ, ಬಸ್ ಟಿಕೀಟಾ?" ಎಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಎಷ್ಟು ಒಳ್ಳೆಯ ಮನುಷ್ಯ!

ಎಲೆ ಹಾಕಿ ನೀರು ಚಿಮುಕಿಸಿದ್ದಾಯಿತು. ಮುದ್ದೆ ಹೊಗೆಯಾಡುತ್ತಿತ್ತು, ಚಾಪ್ಸಿನ ವಾಸನೆ ಬೀದಿಯ ತುದಿಗೆ ಹೋಗಿತ್ತು. ಮೈಕಿನಲ್ಲಿ ನನ್ನ ಧ್ವನಿ ಮೊಳಗಿತು: "ಪ್ರಯಾಣಿಕರ..." ಅಲ್ಲ, ಹಾಗನ್ನಲಿಲ್ಲ, ಆದರೆ ಧಾಟಿ ಅದೇ. "ಕೆಂಪು ಟೋಕನ್ ಹೊಂದಿರುವವರು ಊಟದ ಟೇಬಲ್ಲಿಗೆ ಆಗಮಿಸಬೇಕಾಗಿ ವಿನಂತಿ."

ಯಾರೂ ಏಳಲಿಲ್ಲ.

ಇನ್ನೊಂದು ಸಲ ವಿನಂತಿ. ಬೋರೇಗೌಡರು ಪೆಂಡಾಲಿನ ಬಟ್ಟೆಯ ಬಣ್ಣ ನೋಡುತ್ತಾ ಕೂತಿದ್ದರು. ಅವರು ಏಳಲಿಲ್ಲವಾದ್ದರಿಂದ ಉಯ್ಯಂಬಳ್ಳಿಯವರು ಯಾರೂ ಏಳಲಿಲ್ಲ. ಬೀಗರು ಕೂರದೆ ನೆಂಟರು ಕೂರುವಂತಿಲ್ಲ, ನೆಂಟರು ಕೂರದೆ ಊರಿನವರು ಕೂರುವಂತಿಲ್ಲ. ಇಡೀ ಪೆಂಡಾಲು ಖಾಲಿ ಎಲೆಗಳನ್ನು ನೋಡುತ್ತಾ ಎಂಜಲು ನುಂಗುತ್ತಿತ್ತು. ಅಡುಗೆಯವನು ಸೌಟು ಹಿಡಿದುಕೊಂಡೇ ಬಂದು, "ಅಕ್ಕಾ, ಮುದ್ದೆ ಕಲ್ಲಾಯ್ತಾ ಐತೆ! ಆಮೇಲೆ ನನ್ನ ಬಯ್ಬ್ಯಾಡಿ!" ಎಂದು ಕೂಗಿದ.

ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ನನಗೋ, ಆ ಗಳಿಗೆಯಲ್ಲೂ ಕುತೂಹಲ! ಮನುಷ್ಯನ ಅಗತ್ಯಗಳಿಗೆ ಮೆಟ್ಟಿಲುಗಳಿವೆ, ತಳದ ಮೆಟ್ಟಿಲು ಹಸಿವು, ಅದು ತೀರದೆ ಮೇಲಿನದಕ್ಕೆ ಯಾರೂ ಹೋಗುವುದಿಲ್ಲ ಎಂದು ಓದಿದ್ದೆ. ಇಲ್ಲಿ ನೋಡಿದರೆ ಹಸಿದವರೆಲ್ಲ ಮೇಲಿನ ಮೆಟ್ಟಿಲ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾರೆ. ಇದು ಹೇಗೆ ಸಾಧ್ಯ? ಅಭಿಪ್ರಾಯ ಸಂಗ್ರಹಣೆ ಮಾಡಲೇಬೇಕು ಅನ್ನಿಸಿತು. ಪೆನ್ನು ತೆಗೆದುಕೊಂಡು ನೆಟ್ಟಗೆ ಬೋರೇಗೌಡರ ಮುಂದೆ ಹೋಗಿ ನಿಂತೆ.

"ದೊಡ್ಡಪ್ಪ, ಒಂದು ಪ್ರಶ್ನೆ. ನೀವು ಊಟಕ್ಕೆ ಏಳ್ದೇ ಇರೋಕೆ ಕಾರಣ ಏನು? ಒಂದು, ಹಸಿವಿಲ್ಲ. ಎರಡು, ಪ್ರಕಟಣೆ ಕೇಳಿಸ್ಲಿಲ್ಲ. ಮೂರು, ಇತರೆ."

ಬೋರೇಗೌಡರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇತರೆ ಅಂತ ಬರ್ಕೊ ತಾಯಿ," ಎಂದರು.

ನಾನು ಬರೆದುಕೊಂಡೆ! ನಿಜವಾಗಿಯೂ ಬರೆದುಕೊಂಡೆ. ನನ್ನಂಥವಳನ್ನು ಭೂಮಿ ಇನ್ನೂ ಹೊತ್ತುಕೊಂಡಿದೆಯಲ್ಲ, ಅದರ ತಾಳ್ಮೆ ದೊಡ್ಡದು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸರಿಹೋಗುತ್ತಿತ್ತು. ಆದರೆ ಮೈಕಿನಲ್ಲಿ ನನ್ನ ಜೋಡಣೆ ತನ್ನ ಪಾಡಿಗೆ ಮುಂದಕ್ಕೆ ಹೋಗುತ್ತಿತ್ತು. ಮೊದಲ ಪಂಕ್ತಿ ಮುಗಿಯಬೇಕಾದ ಹೊತ್ತಿಗೆ ಸರಿಯಾಗಿ ನನ್ನ ಜೇನಿನಂಥ ಧ್ವನಿ ಮತ್ತೆ ಬಂತು: "ಕೆಂಪು ಟೋಕನ್ನಿನವರ ಸಮಯ ಮುಗಿದಿದೆ. ದಯವಿಟ್ಟು ಎಲೆ ಬಿಟ್ಟು ಏಳಬೇಕು. ಹಸಿರು ಟೋಕನ್ನಿನವರು ಕಾಯುತ್ತಿದ್ದಾರೆ."

ಎಲೆ ಬಿಟ್ಟು ಏಳಿ! ಬೀಗರಿಗೆ! ಅದೂ ಅವರು ಇನ್ನೂ ಎಲೆಯ ಮುಂದೆ ಕೂರುವ ಮೊದಲೇ! ನಮ್ಮ ಕಡೆ ಈ ಮಾತಿಗೆ ತಲೆಮಾರುಗಟ್ಟಲೆ ಮಾತು ಬಿಟ್ಟವರಿದ್ದಾರೆ. ಬೋರೇಗೌಡರು ಈಗ ಎದ್ದರು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಉಯ್ಯಂಬಳ್ಳಿ ಎದ್ದು ನಿಂತಿತು.

"ಏಳಿ ಅಂದ್ರಲ್ಲಪ್ಪ, ಎದ್ದಿವ್ನಿ. ಡ್ರೈವರ್‌ಗೆ ಹೇಳ್ರೋ, ವ್ಯಾನ್ ತಿರುಗ್ಸ್ಲಿ."

ಒಳಗಿನಿಂದ ಚೈತ್ರ ಓಡಿಬಂದಳು. ರೇಷ್ಮೆ ಸೀರೆ, ಕೈತುಂಬ ಬಳೆ, ಕಣ್ತುಂಬ ನೀರು. "ಅಕ್ಕಾ, ಎಂತ ಕೆಲ್ಸ ಮಾಡ್ಬುಟ್ರಿ! ನಮ್ಮ್ ದೊಡ್ಡಪ್ಪ ಬಾಯಿ ಮಾತಲ್ಲಿ ಕರೀದೆ ಎಲ್ಲೂ ಏಳಕ್ಕಿಲ್ಲ. ಅವ್ರು ಹಂಗೇ ಹೋದ್ರೆ ನಮ್ಮೂರಲ್ಲಿ ನನ್ ಮರ್ಯಾದೆ ಏನಾಯ್ತದೆ? ಇನ್ನು ತವರಿಗೆ ಎಂಗೆ ಹೋಗ್ಲಿ?"

ಆಗ ನನ್ನ ಕುತೂಹಲ ಇಳಿಯಿತು. ಈ ಮಗು ಮನೆಗೆ ಬಂದು ಇನ್ನೂ ಅರಿಶಿನ ಆರಿಲ್ಲ, ಆಗಲೇ ಅಳಿಸಿದ್ದೇನೆ. ಪಾರ್ಕಿಂಗಿಗೆ ಓಡಿದೆ.

"ರೀ, ಬನ್ರಿ, ಬೀಗ್ರು ಹೊರಟ್ರು! ಕರೀರಿ!"

"ನಾನೆಂಗೆ ಬರ್ಲಿ? ಜಾಗ ಬಿಟ್ಟು ಕದಲ್ಬಾರ್ದು ಅಂತ ಆರ್ಡರ್ ಐತಲ್ಲ," ಎಂದು ಜೇಬಿನಿಂದ ಕಾಗದ ತೆಗೆಯಲು ಹೋದರು. ನನ್ನ ಮುಖ ನೋಡಿ ಕೈ ಹಾಗೇ ನಿಂತಿತು. ವ್ಯಾನಿಗೆ ಅಡ್ಡವಾಗಿ ತಮ್ಮ ಬೈಕು ತಂದು ನಿಲ್ಲಿಸಿದರು. ಪಾರ್ಕಿಂಗ್ ವಿಭಾಗ ಆ ದಿನ ಮಾಡಿದ ಏಕೈಕ ಉಪಕಾರ ಅದು.

ನಾನು ಬೋರೇಗೌಡರ ಎರಡೂ ಕೈ ಹಿಡಿದುಕೊಂಡೆ. ಪೆನ್ನು ಎಲ್ಲಿ ಬಿತ್ತೋ ಗೊತ್ತಿಲ್ಲ.

"ದೊಡ್ಡಪ್ಪ, ತಪ್ಪಾಯ್ತು. ಊಟಕ್ಕೇಳಿ."

"ಬ್ಯಾಡ ಕಣವ್ವ. ಬರೋವಾಗ್ಲೇ ದಾರೀಲಿ ಒಸಿ ತಿಂಡಿ ಆಯ್ತು."

ನಾನು ಹಿಡಿದ ಕೈ ಬಿಡಲಿಲ್ಲ. "ನೀವು ಉಣ್ದೆ ಹೋದ್ರೆ ನಾನು ಈ ಮನೇಲಿ ಇದ್ದೂ ಸತ್ತಂಗೆ. ಬನ್ನಿ ದೊಡ್ಡಪ್ಪ."

"ಮೊದ್ಲು ನಿಮ್ಮ್ ಊರೋರು ಉಣ್ಲಿ. ನಮ್ದೇನು, ಎಲ್ಲೋಯ್ತೀವಿ?"

ಧ್ವನಿ ಸ್ವಲ್ಪ ಮೆತ್ತಗಾಗಿದೆ ಅನ್ನಿಸಿತು. ಹಾಗೆಂದು ನಂಬುವ ಧೈರ್ಯವಿಲ್ಲ. ಅತ್ತೆ ತಟ್ಟೆಯನ್ನು ಅಲ್ಲೇ ಬಿಟ್ಟು ಬಂದು ಅವರ ಒಂದು ತೋಳು ಹಿಡಿದುಕೊಂಡಿದ್ದರು. "ಏಳಿ ಅಣ್ಣಾ, ಎಲೆ ಹಾಕೈತೆ," ಎಂದರು. ನಾನೂ, "ಏಳಿ ದೊಡ್ಡಪ್ಪ," ಎಂದೆ. ಅವರು ನಿಂತೇ ಇದ್ದರು ಎಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ.

"ಬುಡ್ರಿ ಅತ್ಲಾಗೆ, ತೋಳು ಕಿತ್ತೋಯ್ತದೆ! ಬತ್ತೀನಿ ನಡೀರಿ," ಎಂದು ಬೋರೇಗೌಡರು ನಕ್ಕುಬಿಟ್ಟರು. ಉಯ್ಯಂಬಳ್ಳಿ ಪೂರ್ತಿ ನಕ್ಕಿತು. ಚೈತ್ರ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೊದಲ ಪಂಕ್ತಿ ಭರ್ತಿಯಾಯಿತು.

ಬಚಾವಾದೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಎರಡನೇ ಪಂಕ್ತಿಗೆ ಹಸಿರು ಟೋಕನ್ನಿನವರ ಕಡೆ ನೋಡಿದರೆ ಒಬ್ಬರೂ ಅಲುಗುತ್ತಿಲ್ಲ! ಅವರೆಲ್ಲ ನನ್ನ ಕೈ ಹಿಡಿಯುವ ಕಾರ್ಯಕ್ರಮವನ್ನು ಕಣ್ತುಂಬ ನೋಡಿದ್ದರು. ಒಬ್ಬ ನೆಂಟಸ್ತಿಕೆಯ ಮುದುಕಿ ಸೊಂಟದ ಮೇಲೆ ಕೈಯಿಟ್ಟು, "ಅವ್ರಾದ್ರೆ ಕೈ ಹಿಡಿದು ಕರೀಬೇಕು, ನಾವು ಮೈಕ್ ಕೇಳ್ಕೊಂಡು ಬರ್ಬೇಕಾ?" ಎಂದಳು. ನ್ಯಾಯವಾದ ಪ್ರಶ್ನೆ. ಮೈಕು ಆಫ್ ಮಾಡಿಸಿದೆ. ಹಸಿರನ್ನು ಒಬ್ಬೊಬ್ಬರಾಗಿ ಕರೆದೆ. ಹಳದಿಯನ್ನೂ ಒಬ್ಬೊಬ್ಬರಾಗಿ ಕರೆದೆ. ಡೈರಿಯಲ್ಲಿ ನನ್ನನ್ನು ರೇಗಿಸುತ್ತಿದ್ದವರೆಲ್ಲ ಆ ದಿನ ಎರಡೆರಡು ಸಲ ಹೆಚ್ಚಿಗೆ ಕರೆಸಿಕೊಂಡರು. "ಬ್ಯಾಡ ಕಣವ್ವ, ನೀನು ಕಂಪ್ನಿ ನೋಡ್ಕೊ," ಎನ್ನುತ್ತಾ ಕುರ್ಚಿಗೆ ಅಂಟಿಕೊಂಡಿದ್ದರು. ನನ್ನ ಗಂಟಲು ಕಟ್ಟಿ, ಕೊನೆಕೊನೆಗೆ ಬರೀ ತುಟಿ ಆಡಿಸುತ್ತಾ ಕೈ ಎಳೆಯುತ್ತಿದ್ದೆ. ಸಂಜೆಯ ಹೊತ್ತಿಗೆ ವ್ಯಾನು ಹೊರಟಾಗ ಬೋರೇಗೌಡರು ತೇಗುತ್ತಾ, "ಊಟ ಬೊಂಬಾಟಾಗಿತ್ತು ತಾಯಿ," ಎಂದು ಕಿಟಕಿಯಿಂದ ಕೈಬೀಸಿದರು. ಅತ್ತೆ ಬಯಸಿದ ನಗು ಅವರ ಮುಖದ ಮೇಲಿತ್ತು. ನನಗೆ ಅಲ್ಲೇ ಕೂತು ಅಳೋಣ ಅನ್ನಿಸುವಷ್ಟು ಸಮಾಧಾನವಾಯಿತು.

ಕೊನೆಯ ಪಂಕ್ತಿ ಮನೆಯವರದ್ದು. ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕರುಳುಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು. ಪೆಂಡಾಲಿನ ಕಂಬಕ್ಕೆ ಒರಗಿ ಕುರ್ಚಿಯಲ್ಲಿ ಕೂತಿದ್ದೆ. ಚೈತ್ರ ಬಂದು ನಗುತ್ತಾ, "ಅಕ್ಕಾ, ಊಟಕ್ಕೇಳಿ," ಎಂದಳು. ಆಹಾ, ಅದನ್ನು ಕೇಳಿಸಿಕೊಳ್ಳಲು ಎಷ್ಟು ಚೆನ್ನಾಗಿತ್ತು! ಬಾಯಿ ತಾನಾಗಿಯೇ ಪಿಸುಗುಟ್ಟಿತು: "ಬ್ಯಾಡಮ್ಮ, ಮೊದ್ಲು ನೀವು ಉಣ್ಣಿ."

"ಆಯ್ತಕ್ಕ," ಎಂದಳು ಅವಳು. ಹೋಗಿ ಎಲೆಯ ಮುಂದೆ ಕೂತಳು.

ಪಾಪದ ಹುಡುಗಿ, ಹೇಳಿದ ಮಾತನ್ನು ಹೇಳಿದಂತೆಯೇ ನಂಬುವವಳು. ಇನ್ನೊಂದು ಸಲ ಕರೆಯುತ್ತಾಳೆ ಎಂದು ಕಾದೆ. ನಮ್ಮವರು ಕೈ ತೊಳೆಯಲು ಹೋಗುತ್ತಾ, "ನಿಂದು ಊಟ ಆಯ್ತಾ?" ಎಂದು ಕೇಳಿದರು. ಒಬ್ಬಳೇ ಕೂತಿರುವುದು ಕಾಣುತ್ತಿಲ್ಲವೇ ಎಂದು ಸಿಟ್ಟು ಬಂತು. "ಹೂಂ, ಆಯ್ತು," ಎಂದೆ. "ಒಳ್ಳೇದಾಯ್ತು," ಎಂದು ಅವರೂ ಹೋಗಿ ಕೂತರು. ಎದ್ದು ಹೋಗಿ ನಾನೇ ಕೂತರೆ ಯಾರೂ ಬೇಡ ಅನ್ನುತ್ತಿರಲಿಲ್ಲ, ಟೇಬಲ್ಲು ಹತ್ತೇ ಹೆಜ್ಜೆ ದೂರ. ಆದರೆ ಕರೆಯದೆ ಹೇಗೆ ಏಳುವುದು? ಹಾಗೇ ಕೂತು, ಕೊನೆಯ ಚಾಪ್ಸ್ ಯಾರ ಎಲೆಗೆ ಬೀಳುತ್ತದೆ ಎಂದು ಕುತೂಹಲದಿಂದ ನೋಡುತ್ತಿದ್ದೆ. ಅತ್ತೆಯ ಎಲೆಗೆ ಬಿತ್ತು.