ಅತ್ತೆಯ ಬೂಷ್ಟು ಬಳಗ

ಬೂಷ್ಟು ಹಿಡಿದ ರೊಟ್ಟಿಯನ್ನು ಎಸೆಯುವುದಕ್ಕೂ ನಮ್ಮ ಮನೆಯಲ್ಲಿ ಒಬ್ಬರ ಅಪ್ಪಣೆ ಬೇಕಾಗಿತ್ತು ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು! ಅಪ್ಪಣೆ ಕೊಡುವವಳು ನನ್ನ ಸೋದರತ್ತೆ, ಅಪ್ಪನ ತಂಗಿ. ಎಪ್ಪತ್ತರ ದಶಕದಲ್ಲಿ ಕೊಟ್ಟೂರಿನ ನಮ್ಮ ಮನೆಯಿಂದ ದಿನಾ ರೈಲು ಹತ್ತಿ, ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಬರುತ್ತಿದ್ದಳು. ಬಂದವಳೇ ಚಪ್ಪಲಿ ಬಿಟ್ಟು ನೇರ ತನ್ನ ಕೋಣೆಯ ಕಿಟಕಿಗೆ. ಅಲ್ಲಿ ಬೋರಲು ಹಾಕಿದ ಗಾಜಿನ ಲೋಟಗಳ ಕೆಳಗೆ ಒಂದು ತುಂಡು ಬ್ರೆಡ್ಡು, ಅರ್ಧ ನಿಂಬೆಹಣ್ಣು, ಮೆತ್ತಗಾದ ರೊಟ್ಟಿ. ಎಲ್ಲದರ ಮೇಲೂ ಬಿಳಿ, ಹಸಿರು, ಕಪ್ಪು ಬೂಷ್ಟು! ಭೂತಗನ್ನಡಿ ಹಿಡಿದು ಒಂದೊಂದರ ಯೋಗಕ್ಷೇಮ ವಿಚಾರಿಸಿದ ಮೇಲೆಯೇ ಅವಳಿಗೆ ಚಹಾ. ಬೇರೆ ಟೀಚರುಗಳು ತಮ್ಮ ಮನೆಗೆ ಹೋಗಿ ಮಕ್ಕಳ ತಲೆ ಸವರುತ್ತಿದ್ದರು. ನಮ್ಮತ್ತೆಗೆ ಮದುವೆಯಾಗಿರಲಿಲ್ಲ.

ಒಮ್ಮೆ ಅಜ್ಜಿಯ ಮಾವಿನ ಉಪ್ಪಿನಕಾಯಿಗೆ ಬೂಷ್ಟು ಬಂತು. ನಮ್ಮ ಕಡೆ ಇಂಥ ಕೇಸಿನ ತನಿಖೆ ಬಹಳ ಸುಲಭ. "ಹೊರಗಾದಾಕಿ ಯಾರೋ ಜಾಡಿಗೆ ಕೈ ಹಚ್ಯಾಳ!" ಎಂದು ಅಜ್ಜಿ ನಮ್ಮವ್ವನ ಕಡೆ ಕಣ್ಣು ಬಿಟ್ಟಳು.

"ಹಸಿ ಚಮಚ ಅದ್ದಿದವರು ಯಾರು ಅಂತ ಕೇಳಬೇ" ಎಂದಳು ಅತ್ತೆ. "ನೀರು ತಗಲಿದ್ರ ಬೂಷ್ಟು ಬರ್ತೈತಿ. ಹೊರಗಾಗೋದಕ್ಕೂ ಅದಕ್ಕೂ ಏನ್ ಸಂಬಂಧ?"

"ನಾಕಕ್ಷರ ಕಲತು ನನಗ ಹೇಳಾಕ ಬರ್ತಿಯೇನು?"

"ಹೇಳ್ತೀನಿ ಬೇ. ಮೂಲ್ಯಾಗ ಇನ್ನೊಂದು ಜಾಡಿ ಐತಲ್ಲ, ನೀ ದಿನಾ ಬೆರಳು ಚೀಪಿ ಉಣ್ಣೋದು, ಅದನ್ನ ನಾನು ಹೊರಗಾದಾಗನ ಬೇಕಂತ ಕಲಸಿಟ್ಟೀನಿ. ಒಂದು ಚುಕ್ಕಿ ಬೂಷ್ಟು ಬಂದೈತೇನು ನೋಡು!"

ಅಜ್ಜಿ ನೋಡಲಿಲ್ಲ. ನೇರ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು!

ಮನೆಯಲ್ಲಾದರೆ ಸರಿ, ಅತ್ತೆ ಬೀದಿಯಲ್ಲಾದರೂ ಸುಮ್ಮನಿರಬೇಕಲ್ಲ? ರೈಲಿನಲ್ಲಿ ಎದುರು ಕೂತವನು ತೊಡೆ ಸಂದಿ ಕೆರೆದುಕೊಂಡರೆ ಮುಗಿಯಿತು. "ಅಣ್ಣಾರ, ಅದು ಹುಳುಕಡ್ಡಿ. ಮೈಮ್ಯಾಲೆ ಬೂಷ್ಟು ಬೆಳದೈತಿ ಅಂತ ತಿಳಕೋರಿ. ಹಸಿ ಚಡ್ಡಿ ಹಾಕ್ಕೋಬ್ಯಾಡ್ರಿ, ಬಿಸಲಾಗ ಒಣಗಸ್ರಿ!" ಇಡೀ ಡಬ್ಬಿಗೆ ಕೇಳುವ ಪಾಠದ ಗಂಟಲು. ಆ ಅಣ್ಣಾರು ತಮ್ಮೂರು ಬರುವ ಮೊದಲೇ ಇಳಿದುಬಿಡುತ್ತಿದ್ದರು. "ನನಗ ದಿನಾ ಕಿಟಕಿ ಸೀಟು ಸಿಗ್ತೈತಿ" ಎಂದು ಅವಳಿಗೆ ಹೆಮ್ಮೆ. ಒಮ್ಮೆ ನಾನು ನಡುವಿನ ಸ್ಟೇಷನ್ನಿನಲ್ಲಿ ಹತ್ತಿದಾಗ ನೋಡಿದೆ. ಕಿಟಕಿ ಸೀಟೇನೋ ಸಿಕ್ಕಿತ್ತು, ಪಕ್ಕದ ಸೀಟೂ ಖಾಲಿ ಇತ್ತು, ಅದರ ಪಕ್ಕದ್ದೂ. ಖಾಲಿ ಜಾಗದಲ್ಲಿ ಚೀಲ ಇಟ್ಟು, ಅದರ ಮೇಲೆ ಕೈ ಹಾಕಿಕೊಂಡು ಕೂತಿದ್ದಳು.

ಬೇಕರಿ ಸಾಬರ ಕಥೆ ಕೇಳಿ. ಗಿರಾಕಿ ತುಂಬಿದ್ದಾಗಲೇ ಅತ್ತೆ ಅಲ್ಲಿ ನಿಂತು, "ಸಾಬರ, ನಿಮ್ಮ ಬನ್ನು ಉಬ್ಬಿಸೋ ಈಸ್ಟು ಐತಲ್ಲ, ಅದು ಬೂಷ್ಟಿನ ಬಳಗದ್ದು ರೀ. ಅದನ್ನ ಕಂಡ್ರ ಕೈ ಮುಗೀಬೇಕು!" ಎಂದು ಹೊಗಳಿದಳು. ಗಿರಾಕಿಗಳು ಕೈ ಮುಗಿಯಲಿಲ್ಲ, ಕೈಯಲ್ಲಿದ್ದ ಬನ್ನು ಕೆಳಗಿಟ್ಟರು. ಸಾಬರು ಬೆವರು ಒರೆಸಿಕೊಂಡು, "ಟೀಚರಮ್ಮಾ, ಇನ್ನುಮ್ಯಾಲೆ ನಿಮ್ಮ ಬನ್ನು ಮನಿಗೇ ಕಳಸ್ತೀನ್ರಿ. ನೀವು ಅಂಗಡಿತನ ಬಂದು ತ್ರಾಸ್ ತಗೋಬ್ಯಾಡ್ರಿ!" ಎಂದರು. ಅತ್ತೆ ಮನೆಗೆ ಬಂದು, "ಎಷ್ಟು ಮರ್ಯಾದಿ ಕೊಡ್ತಾರ ನೋಡ್ರಿ" ಎಂದಳು.

ನನ್ನ ಮೊಣಕಾಲ ಗಾಯ ಕೀವಾಗಿ ಡಾಕ್ಟರು ಪೆನ್ಸಿಲಿನ್ ಚುಚ್ಚಿದಾಗಲಂತೂ ಅವಳಿಗೆ ಹಬ್ಬ. "ಈ ಮದ್ದು ಬೂಷ್ಟಿನ್ಯಾಗಿಂದನ ಬಂದೈತಿ!" ಎಂದು ಮನೆಯೆಲ್ಲ ಸಾರಿದಳು. ಮರುದಿನ ನೋಡಿದರೆ ಅಜ್ಜಿ, ಕುಡುಗೋಲು ತಾಗಿದ ಬೆರಳಿಗೆ ಬೂಷ್ಟು ಹಿಡಿದ ರೊಟ್ಟಿ ಕಟ್ಟಿಕೊಂಡು ಕೂತಿದ್ದಾಳೆ!

"ಬಿಚ್ಚಬೇ! ಬೂಷ್ಟಿನ್ಯಾಗ ಮದ್ದೂ ಐತಿ, ವಿಷಾನೂ ಐತಿ!"

"ಹಂಗಾರ ಎರಡೂ ಒಟ್ಟಿಗೆ ಹೇಳಬೇಕಿಲ್ಲೋ?"

ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ.

ಅತ್ತೆಗೆ ಈ ಬೂಷ್ಟಿನ ಹುಚ್ಚು ಹಿಡಿದದ್ದು ಹೇಗೆ? ನಾನು ದೊಡ್ಡವಳಾದ ಮೇಲೆ ಅವ್ವ ಹೇಳಿದಳು. ಅತ್ತೆಗೆ ಹಡಗಲಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ. ನೋಡಲು ಬಂದ ಹೆಂಗಸೊಬ್ಬಳು ಹೂ ಮುಡಿಸುವ ನೆಪದಲ್ಲಿ ಸೆರಗು ಸರಿಸಿದಾಗ ಕುತ್ತಿಗೆಯ ಮೇಲೆ ಬಿಳಿಚಿದ ಮಚ್ಚೆಗಳು ಕಂಡವು. "ತೊನ್ನು!" ಎಂದಳು. ಬಂದವರು ಮಂಡಕ್ಕಿಯ ತಟ್ಟೆ ಹಾಗೇ ಬಿಟ್ಟು ಎದ್ದರು. ಆಮೇಲೆ ಡಾಕ್ಟರು ನೋಡಿ ನಕ್ಕರಂತೆ. ಅದು ತೊನ್ನಲ್ಲ, ಚಿಬ್ಬು, ಚರ್ಮದ ಮೇಲೆ ಬೆಳೆಯುವ ಬೂಷ್ಟಿನ ಜಾತಿಯದು. ಗಂಧಕದ ಮುಲಾಮಿಗೆ ಚಿಬ್ಬು ಸತ್ತಿತು, ನಿಧಾನಕ್ಕೆ ಮಚ್ಚೆಯೂ ಮಾಸಿತು. ಆದರೆ ಸುದ್ದಿ ಕೂಡ್ಲಿಗಿ, ಹರಪನಹಳ್ಳಿ ಎಲ್ಲ ಸುತ್ತಿ ಬಂದಿತ್ತು. ಸುದ್ದಿಗೆ ಯಾವ ಮುಲಾಮು ಹಚ್ಚುತ್ತೀರಿ? ಮತ್ತೆ ಯಾರೂ ಅವಳನ್ನು ನೋಡಲು ಬರಲಿಲ್ಲ.

ಎಂಬತ್ತರ ದಶಕ ಬಂತು. ಹರಪನಹಳ್ಳಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಆ ಬೇಸಿಗೆಯಲ್ಲಿ ನನ್ನ ಕುತ್ತಿಗೆಗೂ ಚಿಬ್ಬು ಎದ್ದಿರಬೇಕೇ! ಅತ್ತೆ ಮುಲಾಮು ತರುವಷ್ಟರಲ್ಲಿ ಅವರೇ ಬಂದುಬಿಟ್ಟರು. ಅವ್ವ ನನಗೆ ಕುತ್ತಿಗೆಯತನಕ ಪೌಡರು ಬಳಿದು, ಅತ್ತೆಗೆ ಮೆಲ್ಲಗೆ, "ಇವತ್ತೊಂದು ದಿನ ನೀ ಹೊರಗ ಬರಬ್ಯಾಡವ್ವಾ" ಎಂದಳು. ಅತ್ತೆ ತಲೆಯಾಡಿಸಿ ಕೋಣೆಯ ಬಾಗಿಲು ಹಾಕಿಕೊಂಡಳು.

ಪೌಡರು ಬೆವರಿಗೆ ನಿಲ್ಲುತ್ತದೆಯೇ? ನಮಸ್ಕಾರಕ್ಕೆ ಬಗ್ಗಿದಾಗ ಹುಡುಗನ ತಾಯಿ, "ಏನಿದು ಕುತ್ತಿಗಿ ಮ್ಯಾಲೆ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು.

ಅತ್ತೆ ಬಂದವಳೇ ನನ್ನ ಮಚ್ಚೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಉದುರಿದ್ದನ್ನು ತನ್ನ ಕರಿ ಸೀರೆಯ ಸೆರಗಿನ ಮೇಲೆ ಹಿಡಿದಳು. "ನೋಡ್ರಿ, ಹಿಟ್ಟಿನಂಗ ಉದರ್ತೈತಿ. ತೊನ್ನು ಆಗಿದ್ರ ಹಿಂಗ ಉದರಂಗಿಲ್ಲ. ಇದು ಚಿಬ್ಬು. ಮುಲಾಮು ಹಚ್ಚಿದ್ರ ಹೋಗ್ತೈತಿ. ನನಗೂ ಇತ್ತು, ಹೋತು." ಅವಳ ಪಾಠದ ಗಂಟಲು ಅವತ್ತು ಒಡೆದಿತ್ತು.

ಹುಡುಗನ ತಾಯಿ ಸೆರಗಿನ ಮೇಲಿನ ಹಿಟ್ಟನ್ನು ಬಗ್ಗಿ ನೋಡಿದರು. ಆಮೇಲೆ ಎದ್ದು, "ಟೀಚರ್, ಸ್ವಲ್ಪ ಒಳಗ ಬರ್ರಿ" ಎಂದರು. ಕೋಣೆಯಲ್ಲಿ ಅವರು ತಮ್ಮ ಭುಜದ ಸೆರಗು ಜಾರಿಸಿದ್ದು ನನಗೆ ಬಾಗಿಲ ಸಂದಿಯಿಂದ ಕಂಡಿತು. "ಬ್ಯಾಸಗಿ ಬಂದ್ರ ಸಾಕು, ಏಳ್ತಾವ್ರಿ. ನಮ್ಮ ಮನಿಯವರಿಗೂ ತೋರಿಸಿಲ್ಲ. ಇದೂ ಕೆರದು ನೋಡ್ರಿ." ಅತ್ತೆ ಕೆರೆದಳು. ಹಿಟ್ಟು ಉದುರಿತು! ಆಕೆ ಅಳುತ್ತಲೇ ನಕ್ಕುಬಿಟ್ಟರು. ನನ್ನ ಸಂಬಂಧ ಅಲ್ಲೇ ಕೂಡಿತು.

ಎಲ್ಲರೂ ಹೋದ ಮೇಲೆ ಅತ್ತೆಯ ಕೋಣೆಗೆ ಹೋದೆ. ಮಂಚದ ತುದಿಯಲ್ಲಿ ಒಬ್ಬಳೇ ಕೂತಿದ್ದಳು.

"ಅತ್ತಿ, ಅವತ್ತು ನೀನೂ ಹಿಂಗ ಕೆರದು ತೋರಿಸಬೇಕಿತ್ತು."

"ಆವಾಗ ನನಗೇನ್ ಗೊತ್ತಿತ್ತು? ಆಮ್ಯಾಲೆ ಓದಿ ತಿಳಕೊಂಡೆ. ಇನ್ನೊಬ್ರು ಬರ್ತಾರ, ತೋರಸೋಣು ಅಂತ ಕಾದೆ. ಯಾರೂ ಬರಲಿಲ್ಲ." ಸ್ವಲ್ಪ ತಡೆದು ಹೇಳಿದಳು, "ಬೀಗರ ಮಾತು ಬಿಡವ್ವಾ. ಅವತ್ತಿಂದ ನಿಮ್ಮಜ್ಜಿನೂ ನನ್ನ ತಲಿ ಬಾಚೋದು ಬಿಟ್ಟಳು."

ಅವಳ ಸೆರಗು ಸರಿಸಿ ಕುತ್ತಿಗೆಯ ಮೇಲೆ ಕೈ ಇಟ್ಟೆ. ಬೆಚ್ಚಿಬಿದ್ದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು. ಅಲ್ಲಿ ಏನೂ ಇರಲಿಲ್ಲ. ಎಷ್ಟೋ ವರ್ಷಗಳಿಂದ ಏನೂ ಇರಲಿಲ್ಲ.