ಪ್ರಾಸ್ಟೇಟಿಗೆ ಮೂರು ದಾರಿ

ಅರವತ್ತು ದಾಟಿದ ನನ್ನ ಬದುಕಿನಲ್ಲಿ "ನಿನಗೇನು ಬೇಕು?" ಎಂದು ಯಾರಾದರೂ ಕೇಳಿದ ನೆನಪಿಲ್ಲ. ಅಪ್ಪ ಶಾಲೆಗೆ ಹಾಕಿದ, ಸೋದರಮಾವ ಹೆಣ್ಣು ನೋಡಿದ. ಊಟಕ್ಕೇನು ಎಂಬುದನ್ನು ಹೆಂಡತಿ ಮಹಾನಂದಾ ನಿರ್ಧರಿಸುತ್ತಾಳೆ. ನೌಕರಿಯಲ್ಲಿ ಮೇಲಿನವರು ಭಾಲ್ಕಿ ಎಂದರೆ ಭಾಲ್ಕಿ, ಔರಾದ ಎಂದರೆ ಔರಾದ. ಎಲ್ಲಿ ಹೋದರೂ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವುದೇ ನನ್ನ ಕೆಲಸ. ನಿವೃತ್ತನಾದ ಮೇಲೆ ಬೀದರಿನ ಚಿದ್ರಿಯಲ್ಲಿ ಮನೆ ಮಾಡಿದ್ದೂ ಹೆಂಡತಿಯ ತಂಗಿ ಅಲ್ಲಿದ್ದಾಳೆಂಬ ಕಾರಣಕ್ಕೆ. ಇದರಿಂದ ನನಗೇನೂ ಕೊರತೆಯಾಗಿರಲಿಲ್ಲ. ಇಂಥ ಮನುಷ್ಯನನ್ನು ಒಬ್ಬ ಡಾಕ್ಟರು ಎದುರಿಗೆ ಕೂಡಿಸಿಕೊಂಡು, "ನಿಮ್ಮ ಕ್ಯಾನ್ಸರಿಗೆ ಮೂರು ದಾರಿ ಇವೆ. ಯಾವುದು ಬೇಕೋ ನೀವೇ ಹೇಳಿ" ಎಂದರೆ ಅವನು ಏನು ಹೇಳಬೇಕು?

ಶುರುವಾದದ್ದು ಮೂತ್ರದಿಂದ. ಮಳೆ ಮತ್ತೆ ಕೈಕೊಟ್ಟ ವರ್ಷವದು. ಬೋರು ಬತ್ತಿತ್ತು, ಓಣಿಗೆ ಟ್ಯಾಂಕರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯ ಒಂದೊಂದು ಚೊಂಬು ನೀರಿಗೂ ಮಹಾನಂದಾ ಕಾವಲು ಕೂತಿದ್ದಳು. ಅಂಥ ಹೊತ್ತಿನಲ್ಲಿ ನನಗೆ ಗಳಿಗೆಗೊಮ್ಮೆ ಬಚ್ಚಲಿಗೆ ಓಡುವ ಪೀಡೆ ಗಂಟುಬಿತ್ತು. ಹೋದರೆ ಬರುವುದು ನಾಲ್ಕು ಹನಿ, ಸುರಿಯಬೇಕಾದದ್ದು ಅರ್ಧ ಬಕೆಟ್ಟು.

"ಇಷ್ಟಕ್ಕ ಅಷ್ಟು ನೀರ್ ಹಾಕ್ತೀರೇನ್ರಿ? ಒಂದಿಷ್ಟು ಜಮಾ ಮಾಡ್ಕೊಂಡಾದ್ರೂ ಹೋಗ್ರಿ!" ಎಂದು ಒಳಗಿಂದ ಕೂಗುತ್ತಿದ್ದಳು. ಕೊನೆಗೆ ಅವಳೇ ನನ್ನನ್ನು ಡಾಕ್ಟರ ಬಳಿ ಎಳೆದೊಯ್ದಳು. ಅವಳಿಗೆ ಇದ್ದದ್ದು ಗಂಡನ ಚಿಂತೆಯಲ್ಲ, ಡ್ರಮ್ಮಿನ ನೀರಿನ ಚಿಂತೆ ಎಂದು ನಾನು ಎಲ್ಲರೆದುರೂ ಹಂಗಿಸಿದ್ದೂ ಉಂಟು.

ರಕ್ತ ಪರೀಕ್ಷೆ ಆಯಿತು. ಅಲ್ಲಿಂದ ಹೈದರಾಬಾದಿಗೆ ಕಳಿಸಿದರು. ಅಲ್ಲಿ ಹೇಳಬಾರದ ಜಾಗದಲ್ಲಿ ಸೂಜಿ ಹಾಕಿ ಚೂರು ತೆಗೆದು ನೋಡಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದರು. ವಾಪಸು ಬರುವ ಬಸ್ಸಿನಲ್ಲಿ ಸೆರಗಿನ ಮರೆಯಲ್ಲಿ ನನ್ನ ಕೈ ಹಿಡಿದ ಮಹಾನಂದಾ ಝಹೀರಾಬಾದ್ ದಾಟಿದರೂ ಬಿಟ್ಟಿರಲಿಲ್ಲ.

ಅಂಥದೊಂದು ಗ್ರಂಥಿ ನನ್ನೊಳಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನೋಡಲು ಬಂದ ನೆಂಟರಿಗೂ ಗೊತ್ತಿರಲಿಲ್ಲ. "ಅದು ಎಲ್ಲಿರ್ತದರಿ?" ಎಂದು ಬಂದವರೆಲ್ಲ ಕೇಳುವವರೇ. ಹೃದಯದ ರೋಗವಾದರೆ ಎದೆ ಮುಟ್ಟಿ ತೋರಿಸಬಹುದು. ಬೀಗತಿಯರು ಸಾಲಾಗಿ ಕುಳಿತಿರುವಾಗ ನಾನು ಏನನ್ನು ಮುಟ್ಟಿ ತೋರಿಸಲಿ? "ಹೊಟ್ಟಿ ಕೆಳಗ" ಎಂದರೆ ಪಾಪ, ಅವರು ನನ್ನ ಮೊಣಕಾಲು ನೋಡಿ ಮರುಗುತ್ತಿದ್ದರು.

ಹೈದರಾಬಾದಿನ ಡಾಕ್ಟರು ಹೇಳಿದ್ದು ಇಷ್ಟು. ಗಂಟು ಇನ್ನೂ ಗ್ರಂಥಿಯ ಒಳಗೇ ಇದೆ. ಆಪರೇಷನ್ ಮಾಡಿ ತೆಗೆಯಬಹುದು, ವಿಕಿರಣ ಕೊಡಬಹುದು, ಇಲ್ಲವೇ ಆಗಾಗ ಪರೀಕ್ಷೆ ಮಾಡುತ್ತ ಕಣ್ಣಿಟ್ಟು ಕಾಯಬಹುದು. ನನ್ನ ರೋಗಕ್ಕೆ ಮೂರೂ ಸರಿ, ಮೂರಕ್ಕೂ ಅದರದರ ತೊಂದರೆ ಇದೆ. ನಾನು ಪಿಳಿಪಿಳಿ ನೋಡುತ್ತಿದ್ದೆ. "ನಿಮ್ಮ ಜಿಲ್ಲೆಯವರೇ ಮೂವರು ಇದನ್ನು ದಾಟಿದ್ದಾರೆ, ಮಾತಾಡಲು ಒಪ್ಪಿದ್ದಾರೆ. ಅವರನ್ನು ಕೇಳಿ, ಧೈರ್ಯ ಬರುತ್ತದೆ" ಎಂದರು.

ಧೈರ್ಯ ತುಂಬಲು ಒಂದು ಭಾನುವಾರ ಮೂವರೂ ಪತ್ನೀಸಮೇತರಾಗಿ ನಮ್ಮ ಮನೆಗೇ ಬಂದರು. ಭಾಲ್ಕಿಯ ವಕೀಲರು ಶಿವರಾಜಪ್ಪ ಆಪರೇಷನ್ ಮಾಡಿಸಿಕೊಂಡವರು. ಔರಾದಿನ ನಿವೃತ್ತ ಹೆಡ್‌ಮಾಸ್ತರು ಗೌತಮರಾವ್ ವಿಕಿರಣ ತೆಗೆದುಕೊಂಡವರು. ನಮ್ಮ ಕಡೆ ಅದಕ್ಕೆ ಕರೆಂಟು ಎನ್ನುತ್ತಾರೆ. ಕಮಲನಗರದ ಬಟ್ಟೆ ಅಂಗಡಿಯ ದಿಗಂಬರರಾವ್ ಏನೂ ಮಾಡಿಸದೆ ಕಾಯುತ್ತಿರುವವರು. ಹೆಂಗಸರು ಅಡುಗೆಮನೆಗೆ ಹೋದರು. ಪಡಸಾಲೆಯಲ್ಲಿ ವಾದ ಶುರುವಾಯಿತು.

"ತೆಗದು ಒಗೀರಿ ಅದನ್ನ!" ಎಂದರು ವಕೀಲರು. "ಮನಿ ಖಾಲಿ ಮಾಡದ ಬಾಡಗಿದಾರ ಅದು. ನೋಟಿಸ್ ಯಾಕ, ತಾರೀಖ್ ಯಾಕ? ಸೀದಾ ಸಾಮಾನ್ ಹೊರಗ!"

"ಕತ್ತರಿ ಹಚ್ಚೋದು ಯಾಕ್ರಿ?" ಎಂದರು ಹೆಡ್‌ಮಾಸ್ತರು. "ಕರೆಂಟ್ ತಗೋರಿ. ಗಾಯ ಇಲ್ಲ, ರಕ್ತ ಇಲ್ಲ. ನನಗಂತೂ ಏನೂ ಗೊತ್ತೇ ಆಗ್ಲಿಲ್ಲ."

"ಇಬ್ಬರಿಗೂ ಭಾಳ ಘಾಯಿ," ಎಂದು ದಿಗಂಬರರಾವ್ ತಮ್ಮ ಮರಾಠಿ ಬೆರೆಸಿ ಅವಸರವನ್ನು ಖಂಡಿಸಿದರು. "ಅದು ಮಕ್ಕೊಂಡದ, ಯಾಕ ಎಬ್ಬಸ್ತೀರಿ? ನಾ ಆಗಾಗ ಹೋಗಿ ರಕ್ತ ಕೊಟ್ಟು, ಎದ್ದದೇನು ಅಂತ ಕೇಳ್ಕೊಂಡು ಬರ್ತೇನಿ. ಆರಾಮ ಇದ್ದೇನಿ." ಆರಾಮ ಎನ್ನುವಾಗ ಅವರ ಕಾಲು ಒಂದೇ ಸಮನೆ ಕುಣಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವರೆಲ್ಲ ನನ್ನನ್ನು ಮರೆತೇಬಿಟ್ಟರು. ವಕೀಲರು ಮಾಸ್ತರರನ್ನು ಅಡ್ಡಪ್ರಶ್ನೆ ಕೇಳಿದರು, ಮಾಸ್ತರರು ವಕೀಲರಿಗೆ ಪಾಠ ಹೇಳಿದರು. ನಡುನಡುವೆ ಒಬ್ಬರಾದ ಮೇಲೊಬ್ಬರು ಎದ್ದು ಬಚ್ಚಲಿಗೆ ಹೋಗುತ್ತಿದ್ದರು. ಬಾಡಿಗೆದಾರನನ್ನು ಹೊರಹಾಕಿದ ವಕೀಲರೇ ಎಲ್ಲರಿಗಿಂತ ಹೆಚ್ಚು ಸಲ ಹೋದರು. ಟ್ಯಾಂಕರು ಬಾರದ ದಿನ ಇಂಥ ನಾಲ್ವರನ್ನು ಒಂದೇ ಮನೆಯಲ್ಲಿ ಸೇರಿಸಬಾರದು ಎಂಬುದಷ್ಟೇ ಆ ಸಭೆಯಿಂದ ನಾನು ಕಲಿತದ್ದು. ಅವರು ಹೋಗುವಾಗ ನನ್ನ ತಲೆ ಮೊದಲಿಗಿಂತ ಕೆಟ್ಟಿತ್ತು.

ಅವರನ್ನು ಕಳಿಸಿ ಬಂದ ಮಹಾನಂದಾ ಪಾತ್ರೆ ಎತ್ತುತ್ತ ತಣ್ಣಗೆ ಹೇಳಿದಳು: "ವಕೀಲರಿಗಿ ಆಪರೇಷನ್ ಆದಾಗಿಂದ ಜೋರಾಗಿ ನಕ್ಕರ ಸಾಕು, ಬಟ್ಟಿ ತೊಯ್ತದಂತ. ಕೂಸಿಗಿ ಕಟ್ಟೋ ಹಂಗ ಕಟ್ಕೊತಾರಂತ. ಮದುವಿ ಮುಂಜಿಗಿ ಹೋಗೋದೇ ಬಿಟ್ಟಾರ."

"ಏನು?"

"ಮಾಸ್ತರರು ಕರೆಂಟ್ ತಗೊಂಡಮ್ಯಾಗ ಭಾಳ ದಿನ ಕುಂತಲ್ಲೇ ನಿದ್ದಿ ಹೋಗ್ತಿದ್ರಂತ. ದಿಗಂಬರರಾವ್ ಅವರು ರಿಪೋರ್ಟ್ ಬರೋ ವಾರ ಊಟಾನೇ ಮಾಡಂಗಿಲ್ಲಂತ."

"ನಿನಗ್ಯಾರು ಹೇಳಿದ್ರು?"

"ಅವರ ಮನಿಯಾಕಿಗಳು."

ಪಡಸಾಲೆಯಲ್ಲಿ ನಾಲ್ಕು ಗಂಡಸರು ಇಡೀ ಮಧ್ಯಾಹ್ನ ಹೊಡೆದಾಡಿದರೂ ಇದರಲ್ಲಿ ಒಂದು ಮಾತೂ ಹೊರಬಿದ್ದಿರಲಿಲ್ಲ. ನನಗೆ ಮೈ ಉರಿಯಿತು. ಅವಳು ಪಾತ್ರೆ ಕೆಳಗಿಟ್ಟು ಗೋಡೆಯ ಕಡೆ ತಿರುಗಿ, "ಗಂಡ-ಹೆಂಡತಿ ವಿಷಯನೂ ಒಂದು ಹೇಳಿದ್ರು," ಎಂದಳು. "ಅದರ ಚಿಂತಿ ನನಗಿಲ್ಲರಿ. ನೀವು ಇರ್ಬೇಕು, ಅಷ್ಟ."

"ಹಂಗಾದ್ರ ಯಾವುದು ಮಾಡಿಸ್ಲಿ?" ಎಂದೆ.

"ಅದನ್ನ ನಾ ಹ್ಯಾಂಗ ಹೇಳ್ಲಿ? ಮೈ ನಿಮ್ದು."

ನನ್ನ ಅಂಗಿಯ ಬಣ್ಣ ಇಷ್ಟು ವರ್ಷ ಆರಿಸಿದ ಹೆಂಗಸು, ಅಂಗಿಯೊಳಗಿನ ಮೈ ನನ್ನದು ಎಂದು ಇವತ್ತು ಒಪ್ಪಿಸಿಬಿಟ್ಟಳು!

ಮರುದಿನ ವಕೀಲರಿಗೆ ಫೋನು ಮಾಡಿ ನೇರವಾಗಿ ಕೇಳಿದೆ. ಆಚೆಯಿಂದ ಕೋರ್ಟಿನ ಗತ್ತೆಲ್ಲ ಇಳಿದ ದನಿ ಬಂತು. "ಖರೆ ಅದರಿ. ಈಗ ಭಾಳ ಕಮ್ಮಿ ಆಗ್ಯದ. ಆದ್ರೂ ಮೊಮ್ಮಗಳನ್ನ ಎತ್ಕೊಳ್ಳಾಕ ಅಂಜಿಕಿ." ಮತ್ತೆ ತಾವೇ ಹೇಳಿದರು: "ಹಂಗಂತ ಪಶ್ಚಾತ್ತಾಪ ಇಲ್ಲ. ಅದು ಒಳಗ ಅದ ಅಂತ ತಿಳಿದು ಒಂದಿನಾನೂ ಕೂಡೋ ಮನಷ್ಯಾ ಅಲ್ಲ ನಾ. ನೀವು ಎಂಥವರು ಅಂತ ನೀವೇ ನೋಡ್ಕೋರಿ."

ಆಮೇಲೆ ಉಳಿದಿಬ್ಬರಿಗೂ ಫೋನು ಮಾಡಿದೆ. ಯಾವುದು ಒಳ್ಳೆಯದು ಎಂದು ಕೇಳುವುದನ್ನು ಬಿಟ್ಟು, ಯಾವುದು ಕಷ್ಟವಾಯಿತು ಎಂದು ಕೇಳಿದೆ. ಈ ಸಲ ಇಬ್ಬರೂ ಅಡುಗೆಮನೆಯ ಭಾಷೆಯಲ್ಲಿ ಮಾತಾಡಿದರು. ನಾನು ಎಂಥವನು ಎಂದು ಯೋಚಿಸಿದೆ. ಕತ್ತಿ ಕಂಡರೆ ನಡುಗುವವನು. ಕಾಯುವುದಂತೂ ಆಗದ ಮಾತು. ತಡವಾದ ಬಸ್ಸಿಗೆ ಕಾಯುವವರ ಮುಖ ಗಾಜಿನಾಚೆಗೆ ನೋಡಿ ನೋಡಿ ಸಾಕಾಗಿದೆ. ಹೀಗೆ ಜೀವಮಾನದಲ್ಲಿ ಮೊದಲ ಸಲ ಒಂದು ನಿರ್ಧಾರ ಮಾಡಿ, ಕರೆಂಟು ಎಂದೆ. "ನನಗೂ ಹಂಗೇ ಅನಿಸಿತ್ತು" ಎಂದಳು ಮಹಾನಂದಾ. ಮೊದಲೇ ಹೇಳಲು ಏನಾಗಿತ್ತೋ!

ಹೈದರಾಬಾದಿನ ಆಸ್ಪತ್ರೆಯ ಹಿಂದೆ ಒಂದು ಕೋಣೆ ಹಿಡಿದೆವು. ನಾವು ಹೋದ ಬಸ್ಸಿನ ತುಂಬ ಕೆಲಸ ಹುಡುಕಿಕೊಂಡು ಹೊರಟ ನಮ್ಮ ಕಡೆಯವರೇ; ಟಾಪಿನ ಮೇಲೆ ಅವರ ಪಾತ್ರೆ, ಚಾಪೆ. ಆಸ್ಪತ್ರೆಯಲ್ಲಿ ದಿನಾ ಯಂತ್ರದ ಕೆಳಗೆ ಹೋಗುವ ಮೊದಲು ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ತಡೆದುಕೊಳ್ಳಬೇಕು. ತಡೆದುಕೊಳ್ಳಲಾಗದ್ದೇ ನನ್ನ ರೋಗ ಎಂದು ನರ್ಸಮ್ಮನ ಮೇಲೆ ರೇಗಿದೆ. "ಇನ್ನೊಂದು ಗ್ಲಾಸ್ ಕುಡಿಯಿರಿ" ಎಂದಳು. ಅಂತೂ ಅದು ಮುಗಿಯಿತು. ಈಗ ರಕ್ತ ಪರೀಕ್ಷೆಯ ಅಂಕಿ ಇಳಿದಿದೆ, ಡಾಕ್ಟರು ನಗುತ್ತಾರೆ. ನಾನು ಮಾಸ್ತರರಂತೆ ಕುಂತಲ್ಲೇ ತೂಕಡಿಸುತ್ತೇನೆ.

ಅಲ್ಲಿದ್ದಾಗಿನ ಒಂದು ಬೆಳಿಗ್ಗೆ ಮಾತ್ರ ಮರೆಯುವಂತಿಲ್ಲ. ಆಸ್ಪತ್ರೆಯೆದುರು ದೊಡ್ಡ ಕಟ್ಟಡ ಏಳುತ್ತಿತ್ತು. ಪಕ್ಕದ ಚಹಾದಂಗಡಿಯಲ್ಲಿ ಮಹಾನಂದಾ ಜೊತೆ ಕುಳಿತಿದ್ದ ನಾನು ಇನ್ನೊಂದು ಚಹಾ ಕೇಳಿದ್ದೇ ತಡ, ಮರಳಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಗಕ್ಕನೆ ನಿಂತಳು.

"ಔರಾದ ಸ್ಟ್ಯಾಂಡಿನ್ಯಾಗ ಕೂಗ್ತಿದ್ದ ಸಾಹೇಬ್ರಲ್ಲೇನ್ರಿ? ದನಿ ಕೇಳೇ ಗುರ್ತ ಹಿಡ್ದೆ. ನಾವು ಅಲ್ಲೇ ಬಾಜೂ ಊರು ಚಿಂತಾಕಿಯವರು." ನನ್ನನ್ನು ಕನಿಕರದಿಂದ ನೋಡಿ ಕೇಳಿದಳು: "ನಿಮಗೂ ಊರಾಗ ಕೆಲಸ ಇಲ್ಲದಂಗ ಆಯ್ತೇನ್ರಿ?"

ಕ್ಯಾನ್ಸರ್ ಎಂಬ ಪದ ನಾಲಿಗೆಗೆ ಬರಲಿಲ್ಲ. ಮತ್ತೆ ಎಲ್ಲಿರುತ್ತದೆಂದು ಕೇಳಿದರೆ? "ಹೂಂ" ಎಂದುಬಿಟ್ಟೆ.

"ಏನ್ ಕೆಲಸ ಸಿಕ್ತರಿ?"

"ಆ ದವಾಖಾನಿಯಾಗ. ದಿನಾ ಹೋಗಿ ಒಂದು ಹಲಗಿ ಮ್ಯಾಲ ಅಲಗಾಡದಂಗ ಮಕ್ಕೋಬೇಕು. ಆಮ್ಯಾಗ ಎದ್ದು ಬರೋದು."

ಅವಳು ಬುಟ್ಟಿ ಕೆಳಗಿಳಿಸಿದಳು. "ಅಷ್ಟೇನಾ?" ಎಂದು ಆಸ್ಪತ್ರೆಯ ಕಡೆ ಬಹಳ ಹೊತ್ತು ನೋಡಿ ಹತ್ತಿರ ಬಂದಳು. "ಇನ್ನೊಂದು ಜಾಗ ಖಾಲಿ ಇದ್ರ ನಮ್ಮ ಮನಿಯವರಿಗಿ ಹೇಳ್ರಿ ಸಾಹೇಬ್ರ. ಅವರಿಗೂ ಆ ಕೆಲಸ ಭಾಳ ಛಂದ ಬರ್ತದ."

ಮಹಾನಂದಾ ಬಾಯಲ್ಲಿದ್ದ ಚಹಾ ಉಗುಳಿಕೊಂಡಳು. ನಾನು ಮುಖ ಗಂಭೀರ ಮಾಡಿ, "ಕೇಳಿ ನೋಡ್ತೇನಿ" ಎಂದು ಮಾತು ಕೊಟ್ಟೆ. ಯಂತ್ರದ ಕೆಳಗೆ ಮಲಗಲು ಹೆದರದ ನಾನು, ಮರುದಿನದಿಂದ ಆ ಹೆಂಗಸಿನ ಕಣ್ಣಿಗೆ ಬೀಳಬಾರದೆಂದು ಹಿಂದಿನ ಓಣಿಯಿಂದ ಸುತ್ತಿ ಬಳಸಿ ಆಸ್ಪತ್ರೆಗೆ ಹೋಗತೊಡಗಿದೆ.