ಎಡಕ್ಕೆ ವಾಲಿದ ಹಾಟ್ ರಾಡ್

ಮೂವತ್ತೊಂದು ವರ್ಷದಿಂದ ನಾನು ಹಳೆಯ ಮೇಜು, ಕುರ್ಚಿ, ಮಂಚಗಳ ವ್ಯಾಪಾರ ಮಾಡಿಕೊಂಡು ಬಂದಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನ ಅಂಗಡಿಯಿಂದ ಕುಂಟುವ ಮೇಜು ಒಂದೂ ಹೊರಗೆ ಹೋಗಿಲ್ಲ. ಕುಂಟಿದ್ದರೆ ಗಿರಾಕಿಯ ಮನೆ ಸೇರಿದ ಮೇಲೆ ಕುಂಟಿರಬೇಕು, ಅದಕ್ಕೆ ನಾನು ಹೊಣೆಯಲ್ಲ. ಹಾಗಾಗಿ ಜುಲೈ ತಿಂಗಳ ಒಂದು ಸೋಮವಾರ ನನ್ನ ಹೆಂಡತಿ ಲವೋನ್ ಮನೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಎಲ್ಡನ್, ನಿನ್ನ ಕಾರು ಎಡಕ್ಕೆ ವಾಲಿದೆ" ಎಂದಾಗ ನನಗೆ ಸಿಟ್ಟೇನೂ ಬರಲಿಲ್ಲ. ಮಟ್ಟ ಸರಿಮಾಡುವುದೆಂದರೆ ನನಗೆ ನೀರು ಕುಡಿದಷ್ಟು ಸುಲಭ ಎಂಬ ನಂಬಿಕೆ ನನ್ನದು.

ಕಾರು ಎಂದರೆ ಸಾಮಾನ್ಯ ಕಾರಲ್ಲ. ಒಬ್ಬ ರೈತನ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ 1931ರ ಕಾರಿನ ಮೈಯನ್ನು ಒಂದು ಕಪಾಟು ಕೊಟ್ಟು ತಂದಿದ್ದೆ. ಅದಕ್ಕೆ ಹೊಸ ಚಾಸಿ, ದೊಡ್ಡ ಎಂಜಿನ್, ಕೆಂಪು ಬಣ್ಣ ಎಲ್ಲ ಹಾಕಿ ಆರು ವರ್ಷ ಗ್ಯಾರೇಜಿನಲ್ಲಿ ಕೂತು ನಾನೇ ಕಟ್ಟಿದ ಹಾಟ್ ರಾಡ್ ಅದು. ಆರು ವರ್ಷ ಎಂದರೆ ನೆಬ್ರಾಸ್ಕಾದ ಆರು ಚಳಿಗಾಲ. ಆ ಆರೂ ಚಳಿಗಾಲ ಲವೋನಳ ಕಾರು ಹೊರಗೆ ನಿಂತಿತ್ತು. ದಿನಾ ಬೆಳಿಗ್ಗೆ ಅವಳು ಕೈಗವಸು ಹಾಕಿಕೊಂಡು ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಳು. ಕೆರೆಯುವಾಗ ಅಡಿಗೆಮನೆಯ ಕಿಟಕಿಯತ್ತ ನೋಡುತ್ತಿದ್ದಳು. ಕಿಟಕಿಯ ಒಳಗೆ ನಾನು ಕಾಫಿ ಕುಡಿಯುತ್ತಿರುತ್ತಿದ್ದೆ.

ಆ ವರ್ಷದ ಊರಹಬ್ಬದ ಮೆರವಣಿಗೆಗೆ ಲವೋನಳ ತಾಯಿ ಅಲ್ಬೀನಾ ಅವರನ್ನು ಮುಖ್ಯ ಅತಿಥಿಯಾಗಿ ಆರಿಸಿದ್ದರು. ಎಂಬತ್ತಾರು ವಯಸ್ಸು. ಚರ್ಚಿನ ಅಡಿಗೆಮನೆಯಲ್ಲಿ ಅರವತ್ತು ವರ್ಷ ಗಸಗಸೆ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನು ಬೇಯಿಸಿದವರು. ಅತ್ತೆಯನ್ನು ನನ್ನ ಕಾರಿನಲ್ಲೇ ಮೆರವಣಿಗೆ ಮಾಡಿಸುತ್ತೇನೆ ಎಂದು ನಾನು ಯಾರೂ ಕೇಳುವ ಮೊದಲೇ ಮಾತು ಕೊಟ್ಟಿದ್ದೆ. ಲವೋನ್ ಒಂದೇ ಷರತ್ತು ಹಾಕಿದಳು.

"ಶನಿವಾರ ಅಮ್ಮನ್ನ ಕೂರಿಸ್ಕೊಂಡು ಈ ಕಾರು ನೆಟ್ಟಗೆ ಮೆರವಣಿಗೆಗೆ ಹೋದ್ರೆ ಗ್ಯಾರೇಜು ಅದಕ್ಕೇ ಇರ್ಲಿ. ಇನ್ನು ನಾನು ಬಾಯಿ ಬಿಡಲ್ಲ. ಹೋಗ್ಲಿಲ್ಲ ಅಂದ್ರೆ ಭಾನುವಾರದಿಂದ ಗ್ಯಾರೇಜಲ್ಲಿ ನಿಲ್ಲೋದು ನನ್ನ ಕಾರು."

"ನೆಟ್ಟಗೆ ಹೋಗದೆ ಇನ್ನೇನು, ಅಡ್ಡ ಹೋಗುತ್ತಾ?"

"ಅಡ್ಡ ಹೋಗಲ್ಲ, ಕುಡಿದೋರ ಥರ ಹೋಗುತ್ತೆ. ಈಗ ನೀನು ಬೀದಿ ಸುತ್ತಿ ಬಂದಾಗ ನೋಡಿದೆ. ನಿನ್ನ ಕಡೆ ಎರಡು ಇಂಚು ಕೆಳಗಿತ್ತು. ಅಮ್ಮ ಅತ್ಲಾಗಿ ಜಾರಿ ನಿನ್ನ ತೊಡೆ ಮೇಲೆ ಬರ್ತಾಳೆ."

ಶುಕ್ರವಾರದೊಳಗೆ ಈ ಕಾರಿನ ಬಾನೆಟ್ ಮೇಲೆ ಅಂಚಿನವರೆಗೆ ತುಂಬಿದ ಬಿಯರ್ ಲೋಟ ಇಟ್ಟರೆ ಒಂದು ಹನಿ ಚೆಲ್ಲಬಾರದು, ಹಾಗೆ ನಿಲ್ಲಿಸುತ್ತೇನೆ ಎಂದು ನಾನು ಘೋಷಿಸಿದೆ. ಲವೋನ್ ಬಟ್ಟೆ ಒಣಹಾಕಲು ಹೋದಳು.

ಕಾರನ್ನು ಗ್ಯಾರೇಜಿಗೆ ತಂದು ಹಿಂಬದಿಗೆ ಅಡ್ಡಲಾಗಿ ರಸಮಟ್ಟ ಇಟ್ಟೆ. ಅದರ ಗಾಜಿನೊಳಗಿನ ಗುಳ್ಳೆ ಬಲಕ್ಕೆ ಓಡಿತು. ಎಂದರೆ ಬಲ ಎತ್ತರ, ಎಡ ತಗ್ಗು. ಹೆಂಡತಿಯ ಮಾತಿಗೆ ರಸಮಟ್ಟವೂ ಸಾಕ್ಷಿ ಹೇಳಿದ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ತಗ್ಗಿದ ಕಡೆ ಎತ್ತರಿಸಲು ಹೊಸ ಸ್ಪ್ರಿಂಗ್ ತರಿಸಬೇಕು, ಅದು ಬರಲು ಹತ್ತು ದಿನ ಬೇಕು. ಎತ್ತರವಿದ್ದ ಕಡೆಯ ಸ್ಪ್ರಿಂಗನ್ನು ಒಂದಿಷ್ಟು ಕತ್ತರಿಸಿದರೆ ಅರ್ಧ ಗಂಟೆಯ ಕೆಲಸ. ವ್ಯಾಪಾರಿಯ ತಲೆ ಯಾವ ಕಡೆ ಓಡುತ್ತದೆಂದು ಬೇರೆ ಹೇಳಬೇಕಿಲ್ಲ.

ಬಲಗಡೆಯ ಸ್ಪ್ರಿಂಗಿನಿಂದ ಅರ್ಧ ಸುತ್ತು ಕತ್ತರಿಸಿದೆ. ಗುಳ್ಳೆ ನಡುವೆ ನಿಲ್ಲದೆ ಎಡಕ್ಕೆ ಹೋಯಿತು. ಸ್ವಲ್ಪ ಹೆಚ್ಚಾಗಿರಬೇಕೆಂದು ಎಡಗಡೆಯಿಂದ ಕಾಲು ಸುತ್ತು ತೆಗೆದೆ. ಗುಳ್ಳೆ ಮತ್ತೆ ಬಲಕ್ಕೆ ಬಂತು. ಮಂಗಳವಾರ ಬಲಕ್ಕೆ ಎರಡು ಸಲ, ಎಡಕ್ಕೆ ಒಂದು ಸಲ ಕತ್ತರಿ ಬಿತ್ತು. ಮೇಜಿನ ಕಾಲು ಕೊಯ್ದು ಕೊಯ್ದು ಕೊನೆಗೆ ಮಣೆ ಮಾಡಿಕೊಂಡು ಅಂಗಡಿಗೆ ಬರುವ ಗಿರಾಕಿಗಳಿಗೆ ನಾನು ಎಷ್ಟು ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅವರ ಕೈಯಲ್ಲಿದ್ದದ್ದು ಮರ, ನನ್ನ ಕೈಯಲ್ಲಿದ್ದದ್ದು ಉಕ್ಕು. ಎರಡೂ ಒಂದೇ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬುಧವಾರ ಮಧ್ಯಾಹ್ನ ಗುಳ್ಳೆ ಗೆರೆಗಳ ನಡುವೆ ನಿಂತಿತು. ಕಾರು ಮೊದಲಿಗಿಂತ ನಾಲ್ಕು ಇಂಚು ತಗ್ಗಿತ್ತು. ತಗ್ಗಿದಷ್ಟೂ ಹಾಟ್ ರಾಡ್‌ಗೆ ಚೆಂದ, ಅದು ಕೊಸರಾಗಿ ಬಂದ ಲಾಭ ಎಂದುಕೊಂಡು ಲವೋನಳನ್ನು ಕರೆದೆ. ಇಬ್ಬರೂ ಸೇರಿ ಕಾರನ್ನು ರಸ್ತೆಗೆ ತಳ್ಳಿದೆವು. ಅವಳು ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಸೋಮವಾರ ಎಡಕ್ಕಿತ್ತು" ಎಂದಳು.

"ಹೂಂ."

"ಈಗ ಬಲಕ್ಕಿದೆ."

ನಾನೂ ಹೋಗಿ ನೋಡಿದೆ. ಕಾರು ಒಂದು ಕಾಲು ನೋಯುವ ಕುದುರೆಯ ಹಾಗೆ ಬಲಕ್ಕೆ ಒರಗಿಕೊಂಡು ನಿಂತಿತ್ತು.

ಗುರುವಾರ ಮಿಲೋ ವೊಂಡ್ರಾನನ್ನು ಕರೆಸಲೇಬೇಕಾಯಿತು. ಮಿಲೋ ಟ್ರ್ಯಾಕ್ಟರು, ಕಟಾವು ಯಂತ್ರಗಳಿಗೆ ಬೆಸುಗೆ ಹಾಕಿ ನಿವೃತ್ತನಾದವನು. ಆಳು ಬೇಲಿಗೂಟದಷ್ಟು ತೆಳ್ಳಗೆ, ಮಾತು ಅದಕ್ಕಿಂತ ತೆಳ್ಳಗೆ. ಬಂದವನು ಕಾರಿನ ಕಡೆ ನೋಡಲೇ ಇಲ್ಲ. ನನ್ನ ಕೈಯಿಂದ ರಸಮಟ್ಟ ಇಸಿದುಕೊಂಡು ಗ್ಯಾರೇಜಿನ ನೆಲದ ಮೇಲಿಟ್ಟ. ಗುಳ್ಳೆ ಬಲತುದಿಗೆ ಓಡಿ ಅಲ್ಲೇ ಕೂತಿತು.

"ಈ ನೆಲ ಹಾಕಿದ್ದು ಯಾರು?" ಎಂದ.

"ನಮ್ಮ ಮಾವ. ತೀರ್ಕೊಂಡು ಹನ್ನೆರಡು ವರ್ಷ ಆಯ್ತು."

"ಹಾಗಾದ್ರೆ ಅವರನ್ನ ಬೈಯೋ ಹಾಗಿಲ್ಲ. ನಿನ್ನನ್ನೇ ಬೈಬೇಕು. ಅಲ್ಲ ಕಣೋ, ಕಾರು ಸರಿಯಾಗೇ ಇತ್ತು. ವಾಲಿರೋದು ನೆಲ. ನೀನು ಮೂರು ದಿನ ಕೂತು ಕಾರನ್ನ ನೆಲಕ್ಕೆ ತಕ್ಕ ಹಾಗೆ ಸೊಟ್ಟ ಮಾಡಿದ್ದೀಯ."

"ಮತ್ತೆ ಲವೋನ್ ರಸ್ತೆ ಮೇಲೇ ನೋಡಿದ್ಳಲ್ಲ, ಎಡಕ್ಕೆ ವಾಲಿತ್ತು ಅಂತ?"

ಮಿಲೋ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ. ಎರಡೂ ಸ್ಪ್ರಿಂಗ್ ಬಿಚ್ಚಿ ಪಕ್ಕಪಕ್ಕದಲ್ಲಿ ನಿಲ್ಲಿಸಿ, ಉದ್ದವಿದ್ದುದನ್ನು ಗಿಡ್ಡವಿದ್ದುದರ ಸಮಕ್ಕೆ ಕತ್ತರಿಸಿದ. ಕಾರು ಇನ್ನೂ ಒಂದು ಇಂಚು ಕೆಳಗೆ ಬಂತು.

"ನಾಳೆ ಇದನ್ನ ನಿಜವಾದ ಸಮನೆಲದ ಮೇಲೆ ನಿಲ್ಲಿಸಿ ನೋಡ್ಬೇಕು" ಎಂದ. "ನಮ್ಮೂರಲ್ಲಿ ಅಂಥ ಜಾಗ ಇರೋದು ಒಂದೇ. ಧಾನ್ಯದ ಗೋದಾಮಲ್ಲಿ ಲಾರಿ ತೂಗೋ ವೇಬ್ರಿಡ್ಜು."

ಗೋಧಿ ಸುಗ್ಗಿಯ ಕಾಲ. ಶುಕ್ರವಾರ ಮಧ್ಯಾಹ್ನ ಗೋದಾಮಿನ ಮುಂದೆ ಗೋಧಿ ತುಂಬಿದ ಒಂಬತ್ತು ಲಾರಿ ಸಾಲಾಗಿ ನಿಂತಿದ್ದವು. ಮಿಲೋ ಹಾಟ್ ರಾಡ್ ಓಡಿಸಿಕೊಂಡು ಬಂದ. ನಾನು ಮತ್ತು ಲವೋನ್ ನನ್ನ ಪಿಕಪ್ಪಿನಲ್ಲಿ ಹಿಂದೆ ಬಂದೆವು. ಲಾರಿಯವರು ಕೆಂಪು ಕಾರಿನ ಮರ್ಯಾದೆಗೆ ದಾರಿ ಬಿಟ್ಟು, ಇಳಿದು ಬಂದು ಸುತ್ತ ನಿಂತರು. ಗೂಡಿನಂಥ ಕೋಣೆಯ ಕಿಟಕಿಯಲ್ಲಿ ಕೂತು ತೂಕದ ಚೀಟಿ ಕೊಡುವ ಹೆಂಗಸು ಜೋಲೀನ್. ಅವಳ ತಲೆಯ ಮೇಲೆ ದೂರದ ಲಾರಿಗೂ ಕಾಣುವಷ್ಟು ದೊಡ್ಡ ಕೆಂಪು ಅಂಕಿಗಳು. ಅವಳ ಮಾತು ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಇಡೀ ಅಂಗಳಕ್ಕೆ ಕೇಳುತ್ತದೆ.

ಮಿಲೋ ಕಾರನ್ನು ತಕ್ಕಡಿಯ ನಡುವೆ ನಿಲ್ಲಿಸಿ ಇಳಿದ. ಅಂಕಿ 2,340 ಪೌಂಡಿನಲ್ಲಿ ನಿಂತಿತು. ರಸಮಟ್ಟ ಇಟ್ಟರೆ ಗುಳ್ಳೆ ಕದಲಲಿಲ್ಲ. ರೈತರಲ್ಲಿ ಒಬ್ಬ ಶಿಳ್ಳೆ ಹಾಕಿದ. ನಾನು ಲವೋನಳ ಕಡೆ ತಿರುಗಿ, "ಗ್ಯಾರೇಜಿನ ವಿಷಯ ಏನೋ ಹೇಳ್ತಿದ್ಯಲ್ಲ?" ಎಂದೆ.

"ಕೂತು ತೋರಿಸು" ಎಂದಳು. "ಕಾರು ಮೆರವಣಿಗೇಲಿ ತಾನಾಗೇ ಹೋಗಲ್ಲ."

ಎಡಬದಿಯ ಬಾಗಿಲು ತೆಗೆದು ಸ್ಟಿಯರಿಂಗ್ ಮುಂದೆ ರಾಜಠೀವಿಯಿಂದ ಕೂತೆ. ಕಾರು ಎಡಕ್ಕೆ ಕುಸಿಯಿತು. ಮಡ್‌ಗಾರ್ಡು ಟೈರಿನ ಮೇಲೆ ಹೋಗಿ ಕುಳಿತ ಸದ್ದು ನನಗೂ ಕೇಳಿಸಿತು. ಒಂದಡಿ ಮುಂದಕ್ಕೆ ಬಿಟ್ಟರೆ ರಬ್ಬರು ಉಜ್ಜಿ ಕೀರಲು ಕೂಗು ಎದ್ದಿತು, ಸುಟ್ಟ ವಾಸನೆ ಬಂತು. ತಲೆಯೆತ್ತಿದರೆ ಕಿಟಕಿಯ ಮೇಲೆ 2,620.

ಗೋಧಿ ಬೆಳೆಯುವವರಿಗೆ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತದೆ. ಒಟ್ಟು ತೂಕದಲ್ಲಿ ಬರಿ ಗಾಡಿಯ ತೂಕ ಕಳೆದರೆ ಉಳಿಯುವುದೇ ಮಾಲು. ಅಂದು ಮಾಲು ನಾನಾಗಿದ್ದೆ.

"ಇನ್ನೂರ ಎಂಬತ್ತು" ಎಂದ ಒಬ್ಬ, ಟೋಪಿ ಹಿಂದಕ್ಕೆ ಸರಿಸಿಕೊಂಡು.

"ಡ್ರೈವಿಂಗ್ ಲೈಸೆನ್ಸಲ್ಲಿ ತೂಕ ಇನ್ನೂರ ಹದಿನೈದು ಅಂತ ಬರ್ಸಿದ್ದಾನೆ" ಎಂದಳು ಲವೋನ್. "ನಾನೇ ನೋಡಿದ್ದೀನಿ."

"ಅದು ಬರೆಸಿದಾಗಿನ ತೂಕ" ಎಂದೆ.

"ಬರೆಸಿದ್ದು ಹೋದ ವರ್ಷ."

ಧ್ವನಿವರ್ಧಕ ಕೆಮ್ಮಿತು. "ಎಲ್ಡನ್ ಅವ್ರೇ, ತಕ್ಕಡಿ ಮೇಲೆ ಬಂದ್ಮೇಲೆ ನಾನು ಚೀಟಿ ಕೊಡ್ಲೇಬೇಕು. ಮಾಲು ಗೋಧಿ ಅಂತ ಹಾಕಿದ್ದೀನಿ. ತೇವಾಂಶ ಎಷ್ಟು ಅಂತ ಬರೀಲಿ?"

ಬೆವರು ಒರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿ ಒಂಬತ್ತು ಲಾರಿಯವರೂ ನಕ್ಕರು. ಹಿಂದೆಂದೂ ನಗದ ಮಿಲೋ ಕೂಡ ಮುಖ ಆಚೆ ತಿರುಗಿಸಿಕೊಂಡ. ಅವನ ಭುಜ ಕುಣಿಯುತ್ತಿತ್ತು.

ನಾನು ಅವನನ್ನೇ ಹಿಡಿದುಕೊಂಡೆ. "ಎಡಗಡೆ ಒಂದು ತುಂಡು ಕಬ್ಬಿಣ ಕೊಟ್ಟು ಎತ್ತರಿಸು. ಆಗ ಟೈರು ತಾಗಲ್ಲ."

"ಎತ್ತರಿಸಬಹುದು. ಆಮೇಲೆ ನೀನು ಇಳಿದಾಗೆಲ್ಲ ಕಾರು ಬಲಕ್ಕೆ ವಾಲುತ್ತೆ. ಹಾಟ್ ರಾಡ್ ಇರೋದು ನಿಂತಾಗ ನಾಲ್ಕು ಜನ ನೋಡ್ಲಿ ಅಂತ. ಸೋಮವಾರ ಇದ್ದಷ್ಟೇ ಎತ್ತರ ಇದ್ದಿದ್ರೆ ನಿನ್ನ ಭಾರ ಹೇಗೋ ತಡ್ಕೋತಿತ್ತು. ನೀನು ಅದನ್ನೂ ಕತ್ತರಿಸಿ ಎಸೆದಿದ್ದೀಯ. ಹೊಸ ಸ್ಪ್ರಿಂಗ್ ಬರೋವರೆಗೆ ನೀನು ಇದರಲ್ಲಿ ಕೂರಬಾರದು, ಅಷ್ಟೇ."

"ನಾಳೆ ಬೆಳಿಗ್ಗೆ ಮೆರವಣಿಗೆ ಕಣೋ."

"ಗೊತ್ತು."

ನನ್ನ ಗ್ಯಾರೇಜು ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು. ಇನ್ನು ನನ್ನ ಆರು ವರ್ಷದ ಕೆಲಸದ ಮೇಲೆ ಚಳಿಗಾಲದ ಹಿಮವೆಲ್ಲ ಬೀಳುತ್ತದೆ. "ಹಾಗಾದ್ರೆ ನೀನೇ ಓಡಿಸು" ಎಂದೆ ಮಿಲೋಗೆ.

"ನಾನು ಬೆಳಿಗ್ಗೆ ಬ್ಯಾಂಡಲ್ಲಿ ಅಕಾರ್ಡಿಯನ್ ಬಾರಿಸ್ಬೇಕು" ಎಂದ ಅವನು.

ಅಷ್ಟರಲ್ಲಿ ಲವೋನ್ ತನ್ನ ಕೈಚೀಲವನ್ನು ನನ್ನ ಕೈಗೆ ಕೊಟ್ಟು, "ಇಳಿ" ಎಂದಳು. ಅವಳು ಕೂತಳು. ಅಂಕಿ 2,480ಕ್ಕೆ ಬಂತು. ಅವಳು ಆ ಕಡೆ ನೋಡಲೂ ಇಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು. ಹೊಲಮನೆಯಲ್ಲಿ ಬೆಳೆದವಳು, ಹದಿನಾಲ್ಕನೇ ವಯಸ್ಸಿಗೇ ಗೋಧಿ ಲಾರಿ ಓಡಿಸಿದವಳು. ಗೇರು ಹಾಕಿ ತಕ್ಕಡಿಯಿಂದ ಇಳಿಸಿ ಅಂಗಳ ಒಂದು ಸುತ್ತು ಹಾಕಿದಳು. ನಾನು ಗೇರು ಹಾಕುವಾಗ ಬರುವ ಗರಗರ ಸದ್ದು ಅವಳ ಕೈಯಲ್ಲಿ ಬರಲಿಲ್ಲ. ರೈತರು ಈ ಸಲ ಚಪ್ಪಾಳೆಯನ್ನೇ ತಟ್ಟಿದರು. ನಾನು ಅವಳ ಕೈಚೀಲ ಹಿಡಿದುಕೊಂಡು ನಿಂತಿದ್ದೆ.

ಶನಿವಾರ ಹತ್ತು ಗಂಟೆಗೆ ಮೆರವಣಿಗೆ ಹೊರಟಿತು. ಕೆಂಪು ಹಾಟ್ ರಾಡಿನಲ್ಲಿ ಎಡಕ್ಕೆ ಲವೋನ್, ಬಲಕ್ಕೆ ಕಸೂತಿ ಹಾಕಿದ ಕುಪ್ಪಸ ತೊಟ್ಟು ಕೈಬೀಸುತ್ತಿದ್ದ ಅಲ್ಬೀನಾ. ಕಾರು ಮೈಲಿ ಉದ್ದಕ್ಕೂ ಕೆರೆಯ ನೀರಿನಷ್ಟು ಸಮನಾಗಿ ಹೋಯಿತು. ರಸ್ತೆಯ ಎರಡೂ ಬದಿಯ ಮಕ್ಕಳಿಗೆ ಮಿಠಾಯಿ ಎಸೆಯಲು ಕಾರಿನ ಹಿಂದೆ ಒಬ್ಬರು ಬಕೆಟ್ ಹಿಡಿದು ನಡೆಯಬೇಕಿತ್ತು. ಅದು ಯಾರೆಂದು ಕೇಳಬೇಡಿ. ಅಂದು ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು.

ಉದ್ಯಾನದ ಬಳಿ ಕಾರು ನಿಂತಾಗ ನಾನು ನೂರು ಗಜ ಹಿಂದಿದ್ದೆ. ಉಸಿರು ಎಳೆದುಕೊಳ್ಳುತ್ತ ಬಂದು ಮೊದಲು ವ್ಯವಹಾರದ ಮಾತನ್ನೇ ಎತ್ತಿದೆ.

"ಲವೋನ್, ಕಾರು ನೆಟ್ಟಗೆ ಹೋಯ್ತು. ಅತ್ತೆ ಕೂತಿದ್ರು. ಮಾತಿನ ಪ್ರಕಾರ ಗ್ಯಾರೇಜು ಕಾರಿಗೆ."

"ಖಂಡಿತ ಕಾರಿಗೆ" ಎಂದು ಅವಳು ಕೀಲಿ ಕಳಚಿ ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. "ಇನ್ಮೇಲೆ ಇದೇ ನನ್ನ ಕಾರು. ಅದು ನನ್ನ ಗ್ಯಾರೇಜಲ್ಲಿ ನಿಲ್ಲುತ್ತೆ ಅಂದ್ರೆ ನನ್ನದೇನು ತಕರಾರು?"

ನಾನು ನ್ಯಾಯಕ್ಕಾಗಿ ಅತ್ತೆಯ ಮುಖ ನೋಡಿದೆ. ಅಲ್ಬೀನಾ ಸೀಟಿನಿಂದ ಏಳದೆ ನನ್ನ ಒದ್ದೆ ಅಂಗಿಯನ್ನೂ ಖಾಲಿ ಬಕೆಟ್ಟನ್ನೂ ನಿಧಾನವಾಗಿ ನೋಡಿ, ನನ್ನ ಕೈಮೇಲೆ ಮೆಲ್ಲಗೆ ತಟ್ಟಿದರು.

"ಬೇಜಾರು ಮಾಡ್ಕೋಬೇಡ ಅಳಿಯ" ಎಂದರು. "ಹೀಗೇ ಇನ್ನೊಂದು ಇಪ್ಪತ್ತು ಮೆರವಣಿಗೆ ನಡಿ, ಮೈ ಇಳಿಯುತ್ತೆ. ಆಮೇಲೆ ನಾನೇ ಎದ್ದು ಜಾಗ ಬಿಟ್ಟುಕೊಡ್ತೀನಿ."